ವಾರಸಾ

ಜಮೀನಿನ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರನ್ನು ಕಂದಾಯ ದಾಖಲೆಗೆ ಏರಿಸುವ ಕ್ರಮ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ರೂಢಿಯಲ್ಲಿರುವ ಹೆಸರಿದು; ಹಳೆ ಮೈಸೂರು ಕಡೆ ಇದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಇದರೊಡನೆ ಬಳಕೆಯಲ್ಲಿರುವ ಇತರ ಪದಗಳು: ಉತಾರ (ಪಹಣಿ), ವಾಟ್ನಿ (ಪಾಲು), ಖರೇದಿ ಪತ್ರ (ಕ್ರಯಪತ್ರ).

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 128ನೇ ಪ್ರಕರಣದಂತೆ, ವಾರಸಾದಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಕೊಡಬೇಕು. ಮರಣ ಪ್ರಮಾಣಪತ್ರ, ವಂಶಾವಳಿ ಲಗತ್ತಿಸಿದ ಅರ್ಜಿಯ ಮೇಲೆ ನೋಟಿಸು ಹೊರಡುತ್ತದೆ. ತಕರಾರು ಬಂದರೆ ವಿಚಾರಣೆ ನಡೆಯುತ್ತದೆ. ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟ ತಿಕೋಟಾ, ಬಬಲೇಶ್ವರ 2018ರಿಂದ ಪ್ರತ್ಯೇಕ ತಾಲ್ಲೂಕುಗಳಾದ್ದರಿಂದ ಅಲ್ಲಿನ ಜಮೀನಿನ ಅರ್ಜಿ ಆಯಾ ತಾಲ್ಲೂಕಿಗೇ ಸೇರುತ್ತದೆ. ನಗರದ ಮನೆ, ಅಂಗಡಿಗಳ ಖಾತೆ ಬದಲಾವಣೆ ಮಹಾನಗರ ಪಾಲಿಕೆಯದು.

ಮಂಜೂರಾದ ಮೇಲೆ ಉತಾರದ 9ನೇ ಕಾಲಂನಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಆ ಜಂಟಿ ಖಾತೆಯನ್ನು ಬೇರೆ ಮಾಡಲು ವಾಟ್ನಿ ಆಗಬೇಕು. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಮದುವೆಯಾಗಿ ಹೋದವಳೆಂದು ಹೆಸರು ಬಿಡುವಂತಿಲ್ಲ. ಆಕೆ ಪಾಲು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಮುಸ್ಲಿಂ ಕುಟುಂಬಗಳಲ್ಲಿ ಪಾಲು ನಿಗದಿಯಾಗುವುದು ವೈಯಕ್ತಿಕ ಕಾನೂನಿನಂತೆ.

ವಾರಸಾ ನಮೂದು ಕಂದಾಯ ವಸೂಲಿಗಾಗಿ ಇರುವಂಥದ್ದು. ಅದೊಂದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ. ಹಕ್ಕಿನ ವ್ಯಾಜ್ಯವನ್ನು ಸಿವಿಲ್ ನ್ಯಾಯಾಲಯವೇ ತೀರ್ಮಾನಿಸುತ್ತದೆ.