ನಾಲ್ಕು ಮೂಲೆ, ನಾಲ್ಕು ಆಳು
ನಿಮ್ಮ ಮೊದಲ ಕ್ವಾಡ್‌ಕಾಪ್ಟರ್ ನೆಲ ಬಿಟ್ಟೊಡನೆ ಮಗುಚಿತೇ? ಎದೆಗುಂದಬೇಡಿ. 1907ರಲ್ಲಿ ಫ್ರಾನ್ಸಿನ ಬ್ರೆಗೆ ಸಹೋದರರು ಪ್ರೊಫೆಸರ್ ಶಾರ್ಲ್ ರಿಶೆ ಅವರೊಡನೆ ನಿರ್ಮಿಸಿದ ನಾಲ್ಕು ರೋಟರುಗಳ ಯಂತ್ರ ಸುಮಾರು ಎರಡು ಅಡಿ ಮೇಲೇರಿತು. ಆದರೆ ಅದು ವಾಲದಂತೆ ನಾಲ್ವರು ಹಿಡಿದು ನಿಲ್ಲಬೇಕಾಯಿತು. ಎತ್ತುವ ಶಕ್ತಿಯಿತ್ತು, ಹತೋಟಿಯಿರಲಿಲ್ಲ. 1924ರ ಮೇ 4ರಂದು ಎಟಿಯೆನ್ ಓಮಿಶೆನ್ ನಾಲ್ಕು ರೋಟರುಗಳಿಗೆ ಎಂಟು ಪ್ರೊಪೆಲರುಗಳ ನೆರವು ಕೊಟ್ಟು, 1 ಕಿಲೋಮೀಟರ್ ಸುತ್ತನ್ನು 7 ನಿಮಿಷ 40 ಸೆಕೆಂಡುಗಳಲ್ಲಿ ಪೂರೈಸಿದರು.

ಇಂದು ಆ ನಾಲ್ವರ ಕೆಲಸ ಗೈರೋಸ್ಕೋಪಿನದು. ಯಂತ್ರ ವಾಲಿದ್ದನ್ನು ಅದು ತಿಳಿಸಿದೊಡನೆ, ತಗ್ಗಿದ ಕಡೆಯ ಮೋಟಾರಿನ ವೇಗ ಹೆಚ್ಚುತ್ತದೆ. ಆದರೆ ಎದುರು ಮೂಲೆಯ ಜೋಡಿ ಒಂದೇ ದಿಕ್ಕಿಗೆ, ಪಕ್ಕದ್ದು ವಿರುದ್ಧ ದಿಕ್ಕಿಗೆ ತಿರುಗಬೇಕು. ಬ್ರೆಗೆ ಯಂತ್ರದಲ್ಲೂ ಇದೇ ಏರ್ಪಾಡಿತ್ತು. ರೆಕ್ಕೆಗಳನ್ನು ಕಳಚಿಟ್ಟು ಮೋಟಾರುಗಳ ದಿಕ್ಕನ್ನು ಪರೀಕ್ಷಿಸಿ, ಬಳಿಕ ದಿಕ್ಕಿಗೆ ತಕ್ಕ ರೆಕ್ಕೆ ಜೋಡಿಸಿ. ಹಾರಾಟ ಆಮೇಲೆ!