‘ಧಾರವಾಡಕ್ಕ ಕಳಿಸಬೇಕು’ ಅನ್ನೋ ಚಾಷ್ಟಿಯ ಹಿಂದಿನ ಕಥೆ

ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರೂ ಸೈ, ನಮ್ಮ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಾಗ ವಾಕಿಂಗ್ ಮಾಡ್ತಿದ್ರೂ ಸೈ, ಇವತ್ತು ಒಂದು ಚಾಷ್ಟಿಯ ಇತಿಹಾಸ ಹೇಳ್ತೀನಿ. ಬೆಳಗಾವಿ, ಹುಬ್ಬಳ್ಳಿ ಕಡೆ ಬೆಳೆದವರು ಇದನ್ನ ಕೇಳೇ ಇರ್ತೀರಿ: “ಇವನ್ನ ಧಾರವಾಡಕ್ಕ ಕಳಿಸಬೇಕು ನೋಡು.” ಪೇಢಾ ತರಾಕಲ್ಲ.

ಇದೇ ಮಾತಿಗೆ ಬೆಂಗಳೂರಿನವರು ನಿಮ್ಹಾನ್ಸ್ ಅಂತಾರೆ, ಮರಾಠಿ ಗೆಳೆಯರು ಯೇರವಡಾ ಅಂತಾರೆ, ಹಿಂದಿಯವರು ಆಗ್ರಾ ಅಂತಾರೆ. ಊರು ಬೇರೆ, ಅರ್ಥ ಒಂದೇ. ಆಸ್ಪತ್ರೆ ಇರೋ ಊರಿನ ಹೆಸರು ಬೈಗುಳ ಆಗಿದ್ದು ಹೆಂಗೆ? ಖಿನ್ನತೆ ಬಗ್ಗೆ ಬಾಯಿ ಬಿಡಾಕ ನಾವು ಇವತ್ತಿಗೂ ಯಾಕೆ ಅಂಜ್ತೀವಿ ಅನ್ನೋದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ.

ಧಾರವಾಡದಲ್ಲಿ ಬ್ರಿಟಿಷರು ‘ಲೂನಟಿಕ್ ಅಸೈಲಂ’ ತೆರೆದದ್ದು 1845ರಲ್ಲಿ. ಆಗ ಧಾರವಾಡ, ಬೆಳಗಾವಿ ಎರಡೂ ಮುಂಬೈ ಪ್ರಾಂತ್ಯದಲ್ಲಿದ್ದವು. ಇವತ್ತು ನಾವು ಡಿಮ್ಹಾನ್ಸ್ ಅಂತ ಕರೆಯೋ ಸಂಸ್ಥೆಯ ಮೂಲ ಅದೇ. ಅದರೊಳಗೆ ಹೋಗೋ ದಾರಿ ಮಾತ್ರ ದವಾಖಾನಿಯ ದಾರಿ ಆಗಿರಲಿಲ್ಲ. 1858ರ ಕಾಯ್ದೆ, ಅದರ ನಂತರ ಬಂದ 1912ರ ಲೂನಸಿ ಕಾಯ್ದೆ, ಎರಡರಲ್ಲೂ ನಡುವೆ ನಿಂತಿದ್ದು ಪೊಲೀಸರು ಮತ್ತು ಮ್ಯಾಜಿಸ್ಟ್ರೇಟರು. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡೀಬಹುದಿತ್ತು. ಮನೆಯವರೇ ಸೇರಿಸಬೇಕಂದ್ರೂ ಅರ್ಜಿ, ಡಾಕ್ಟರ ಸರ್ಟಿಫಿಕೇಟು, ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಜ್ವರ ಬಂದ್ರೆ ದವಾಖಾನಿ, ಮನಸ್ಸು ಕೆಟ್ರೆ ಕಚೇರಿ.

ಈ ವ್ಯವಸ್ಥೆ ಕಟ್ಟಿದ್ದು ಕೂಗಾಡೋರಿಗೆ, ಕಲ್ಲು ಎಸೆಯೋರಿಗೆ. ಖಿನ್ನತೆ ಇದ್ದವರು ಗದ್ದಲ ಮಾಡೋದಿಲ್ಲ. ಊಟ ಬಿಡ್ತಾರೆ, ನಿದ್ದಿ ಬಿಡ್ತಾರೆ, ಮೂಲ್ಯಾಗ ಸುಮ್ಮನೆ ಕೂಡ್ತಾರೆ. ಅವರಿಗೆ ಅಲ್ಲಿ ಜಾಗಾನೂ ಇರಲಿಲ್ಲ, ಔಷಧನೂ ಇರಲಿಲ್ಲ. ಖಿನ್ನತೆಗೆ ಅಂತ ಗುಳಿಗಿ ಬಂದದ್ದೇ 1950ರ ದಶಕದ ಕೊನೆಗೆ. ಹಿಂಗಾಗಿ ಜನರ ತಲೆಯಲ್ಲಿ ಎರಡೇ ಖಾನೆ ಉಳಿದವು: ಒಂದೋ ‘ಶಾಣ್ಯಾ’, ಇಲ್ಲಾ ‘ಹುಚ್ಚ’. ನಡುವೆ ಏನೂ ಇಲ್ಲ.

ಇದರ ಜೊತೆಗೆ ಇನ್ನೊಂದು ಕಾನೂನು. 1860ರ ಭಾರತೀಯ ದಂಡ ಸಂಹಿತೆಯ ಕಲಂ 309ರ ಪ್ರಕಾರ ಜೀವ ಕಳೆದುಕೊಳ್ಳೋ ಪ್ರಯತ್ನ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ. ಬದುಕಿ ಉಳಿದವರ ಮಂಚದ ಪಕ್ಕ ನರ್ಸ್ ಜೊತೆ ಪೊಲೀಸರೂ ಬರ್ತಿದ್ರು. ಅಂಥ ಹೊತ್ತಿನಲ್ಲಿ ಮನೆಯವರು ಏನು ಹೇಳಬೇಕು? ಹಳೆ ಪೇಪರ್ ತೆಗೆದು ನೋಡಿ, “ಹೊಟ್ಟೆನೋವು ತಾಳಲಾರದೆ” ಅನ್ನೋ ಸಾಲು ಎಷ್ಟು ಸಲ ಸಿಗ್ತದೆ ಅಂತ. ಅವೆಲ್ಲ ಹೊಟ್ಟೆನೋವೇ ಆಗಿದ್ವಾ?

ನಮ್ಮ ಮನೆಯಲ್ಲೂ ಅಂಥದೊಂದು ಸಾಲಿದೆ. ಖಾನಾಪುರ ಕಡೆ ಇದ್ದ ನಮ್ಮ ಅಜ್ಜಿಯ ತಮ್ಮನ ಬಗ್ಗೆ ಕೇಳಿದ್ರೆ ಎಲ್ಲರೂ ಹೇಳೋದು ಒಂದೇ: “ಅವಗ ಆರಾಮ ಇದ್ದಿದ್ದಿಲ್ಲ.” ಅಷ್ಟೇ. ಏನಾಗಿತ್ತು ಅಂತ ಯಾರೂ ಮುಂದುವರಿಸೋದಿಲ್ಲ. ಮೊದಲು ನನಗಿದು ಬರೀ ನಾಚಿಕೆ ಅನಿಸ್ತಿತ್ತು. ಈ ಕಾನೂನುಗಳ ಇತಿಹಾಸ ಓದಿದ ಮೇಲೆ ತಿಳೀತು, ಅದು ಕಾವಲೂ ಆಗಿತ್ತು. ಬಾಯಿ ಬಿಟ್ರೆ ಕೋರ್ಟು, ಪೊಲೀಸು ಅನ್ನೋ ಕಾಲದಲ್ಲಿ ಮುಚ್ಚಿಡೋದೇ ಮಾಯೆ, ಮಮತೆ.

ಈಗ ವ್ಯಾಕ್ಸಿನ್ ಡಿಪೋಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗ್ತಿತ್ತು. ಸಿಡುಬಿಗೆ ನಮ್ಮ ಕಡೆ ‘ದೇವಿ’ ಅಂತಿದ್ರು. ರೋಗದ ಹೆಸರು ಹೇಳಾಕ ಅಂಜಿಕೆ. ಆದ್ರೆ ಲಸಿಕೆ ಹಾಕೋರು ಮನೆಬಾಗಿಲಿಗೇ ಬಂದ್ರು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಂಜಿಕೆನೂ ಅದರ ಜೊತೆಗೇ ಹೋಯ್ತು. ಮನಸ್ಸಿನ ಔಷಧ ಮಾತ್ರ ಎಷ್ಟೋ ಕಾಲ ಕಾಂಪೌಂಡಿನ ಒಳಗೇ ಕೂತಿತ್ತು.

ಆ ಕಾಂಪೌಂಡ್ ದಾಟಿಸಿದ್ದು ನಮ್ಮ ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿ ಸುತ್ತೋ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋದು, ಔಷಧ ಕೊಡೋದು ಕಲಿಸಿದ್ರು. ಜ್ವರಕ್ಕೂ ಅದೇ ಚೀಟಿ, ಮನಸ್ಸಿಗೂ ಅದೇ ಚೀಟಿ. ಇದೇ ‘ಬಳ್ಳಾರಿ ಮಾದರಿ’ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು.

ಮುಂದೆ 2015ರಲ್ಲಿ ದೀಪಿಕಾ ಪಡುಕೋಣೆ ತಮಗೆ ಖಿನ್ನತೆ ಇತ್ತು ಅಂತ ಎಲ್ಲರ ಮುಂದೆ ಹೇಳಿದ್ರು. ಅವರ ಸಂಸ್ಥೆ ಹಳ್ಳಿಗಳ ಕೆಲಸ ಶುರು ಮಾಡಿದ್ದು ದಾವಣಗೆರೆ ಜಿಲ್ಲೆಯಲ್ಲಿ. ಅದೇ ಹೊತ್ತಿಗೆ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆ ಹೇಳಿದ್ದು: ದೊಡ್ಡವರಲ್ಲಿ 20 ಜನರಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದ್ರೂ ಖಿನ್ನತೆ ಕಂಡವರು. ನಿಮ್ಮ ಸಿಟಿ ಬಸ್ಸಿನಾಗ 60 ಜನ ಇದ್ರೆ, ಅದರಲ್ಲಿ ಮೂವರು.

ಕಾನೂನೂ ತಿರುಗಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಹೊರಟವರು ತೀವ್ರ ಒತ್ತಡದಲ್ಲಿದ್ದಾರೆ ಅಂತಲೇ ನೋಡಬೇಕು, ಶಿಕ್ಷೆ ಕೊಡಬಾರದು, ಸರ್ಕಾರ ಆರೈಕೆ ಮಾಡಬೇಕು ಅಂತು. ಚಿಕಿತ್ಸೆಯ ಗುಟ್ಟು ಕಾಯೋದು ರೋಗಿಯ ಹಕ್ಕು ಅಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆ ಕಲಂ 309 ಇಲ್ಲ.

ಅಂದ್ರೆ ನಮ್ಮ ಹಿರಿಯರು ಬಾಯಿ ಮುಚ್ಚಿಕೊಳ್ಳಾಕ ಇದ್ದ ಗಟ್ಟಿ ಕಾರಣಗಳು ಒಂದೊಂದಾಗಿ ಹೋಗ್ಯಾವ. ಉಳಿದಿರೋದು ರೂಢಿ. ರೂಢಿ ಮುರಿಯೋದೂ ಸಲೀಸಲ್ಲ ಬಿಡಿ. ಲಗ್ನ, ನೌಕರಿ, ಓಣಿಯವರ ಬಾಯಿ ಎಲ್ಲ ಅದಾವ. ಆದ್ರೆ ಸುಮ್ಮನಿದ್ರೆ ಈಗ ಯಾರಿಗೂ ಕಾವಲಾಗೋದಿಲ್ಲ, ಒಬ್ಬರು ಒಳಗೊಳಗೇ ಕುಸಿಯೋದನ್ನ ಉಳಿದವರು ನೋಡ್ದಂಗ ಆಗ್ತದ ಅಷ್ಟೇ.

ಹಂಗಾಗಿ ಒಂದು ಸಣ್ಣ ಕೆಲಸ. ಗೆಳೆಯ ಯಾರಾದ್ರೂ “ಯಾಕೋ ಜೀವಕ್ಕ ಬ್ಯಾಸರಾಗೈತಿ” ಅಂದ್ರೆ, “ಎಷ್ಟು ದಿನ ಆತು?” ಅಂತ ಕೇಳಿ. ಎರಡು ವಾರ ದಾಟಿದ್ರೆ ಡಾಕ್ಟರ ಹತ್ರ ಹೋಗೋ ಮಾತು ತೆಗೀರಿ. ಜೀವ ಕಳೆದುಕೊಳ್ಳೋ ಮಾತು ಬಂದ್ರೆ ಒಂದು ದಿನಾನೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. 2022ರಿಂದ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಬೇಕಾದ್ರೆ ಆ ಹಳೆ ಮಾತನ್ನೇ ಹೇಳಿ, ಸ್ವಲ್ಪ ತಿದ್ದಿ: “ಧಾರವಾಡಕ್ಕ ಹೋಗೂಣು ನಡಿ, ನಾನೂ ಬರ್ತೀನಿ.” ಬರುವಾಗ ಪೇಢಾನೂ ತರಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ್ರೀ.