ರಿಮ್ಮು, ಟಯರು, ಗಾಳಿ: ಕಡೂರು ಸೀಮೆಯ ಸೈಕಲ್ ಗಾಲಿಯ ಚರಿತ್ರೆ

ಬೆಂಗಳೂರು–ಹರಿಹರ ರೈಲು ಮಾರ್ಗ 1889ರಲ್ಲಿ ಪೂರ್ಣಗೊಂಡಾಗ ಕಡೂರು, ಅಜ್ಜಂಪುರಗಳು ಹಳಿಯ ಮೇಲೆ ಬಂದವು. ಹತ್ತು ವರ್ಷದ ಬಳಿಕ ಬೀರೂರು–ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆಯೂ ಸೇರಿತು. ಸ್ಟೇಷನ್ನಿನಿಂದ ಹಳ್ಳಿಗೆ ಉಳಿದ ದಾರಿಯನ್ನು ಮುಂದೆ ತುಳಿದದ್ದು 28 ಇಂಚಿನ ಕರೀ ಸೈಕಲ್ಲು. ಅಂಬತ್ತೂರಿನ ಟಿ.ಐ. ಸೈಕಲ್ಸ್ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ಮಾಡಿದ ಗಾಡಿಗಳ ಹೆಸರು ಬೇರೆಯಾದರೂ ಗಾಲಿ ಒಂದೇ, ಇಂಗ್ಲಿಷ್ ರೋಡ್‌ಸ್ಟರಿನದು.

ಆ ಗಾಲಿಯ ಲೆಕ್ಕ ಸರಳ. ಟಯರು ಕೂರುವ ಜಾಗದ ವ್ಯಾಸ 635 ಮಿ.ಮೀ., ಅಂದರೆ 25 ಇಂಚು. ಎರಡೂ ಬದಿಗೆ ಒಂದೂವರೆ ಇಂಚು ಟಯರು ಸೇರಿದರೆ 28. ಟಯರಿನ ಅಗಲ ರಿಮ್ಮಿನ ಒಳ ಅಗಲದ ಸುಮಾರು ಒಂದೂವರೆಯಿಂದ ಎರಡು ಪಟ್ಟಿರಬೇಕೆಂಬುದು ಹಳೆಯ ನಿಯಮ. 40 ಮಿ.ಮೀ. ಟಯರಿಗೆ 20ರಿಂದ 27ರ ರಿಮ್ಮು ಸರಿ. ರಿಮ್ಮು ತೀರಾ ಕಿರಿದಾದರೆ ಟಯರು ತಿರುವಿನಲ್ಲಿ ಪಕ್ಕಕ್ಕೆ ಹೊರಳುತ್ತದೆ. ಆದರೆ ಈ ಸೈಕಲ್ಲಿನ ವೆಸ್ಟ್‌ವುಡ್ ರಿಮ್ಮಿಗೆ ಆಕಾರ ಕೊಟ್ಟಿದ್ದು ಟಯರಿಗಿಂತ ಹೆಚ್ಚಾಗಿ ಬ್ರೇಕು. ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ, ಕಡ್ಡಿಗಳಿರುವ ಒಳಮೈಗೆ ಒತ್ತುತ್ತದೆ. ಆದ್ದರಿಂದಲೇ ಆ ಗುಂಡು ಅಂಚು, ಆ ಧಾರಾಳ ಅಗಲ. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ: ಭಾರ ಹಿಂದೆ ಕೂರುತ್ತದೆಂದು ಮೊದಲೇ ಬಲ್ಲವರ ಏರ್ಪಾಡು. ಮಳೆಗಾಲದಲ್ಲಿ ಒದ್ದೆ ಉಕ್ಕಿನ ರಿಮ್ಮು ಬ್ರೇಕಿಗೆ ಸಿಗದೆ ಜಾರುವುದು ತರೀಕೆರೆ ಕಡೆಯವರಿಗೆ ಹೊಸದಲ್ಲ.

ಹೀಗೆ ರಿಮ್ಮು, ಟಯರು ಕಾರ್ಖಾನೆಯಲ್ಲೇ ಗಂಟುಬಿದ್ದವು. ಸವಾರನ ಕೈಯಲ್ಲಿ ಉಳಿದದ್ದು ಗಾಳಿ ಮಾತ್ರ. ಅದನ್ನೂ ಅಳೆಯುವುದು ಸುಲಭವಿರಲಿಲ್ಲ: ವಾಲ್ವಿನ ಸಣ್ಣ ರಬ್ಬರು ನಳಿಕೆ, ಅಂಗಡಿಯವರ ಬಾಯಲ್ಲಿ 'ವಾಲ್ ಟ್ಯೂಬ್', ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡದು; ಮೀಟರು ಹಚ್ಚಿದರೂ ಒಳಗಿನ ಒತ್ತಡ ತಿಳಿಯದು. ಹೆಬ್ಬೆರಳೇ ಮಾಪಕ. ಒಬ್ಬನೇ ಹೋದರೆ ಸ್ವಲ್ಪ ಮೆತ್ತಗೆ, ಹಿಂದೆ ತೆಂಗಿನಕಾಯಿ ಚೀಲವೋ ಡಬಲ್ ರೈಡೋ ಇದ್ದರೆ ಕಲ್ಲಿನಂತೆ ಗಟ್ಟಿ. ಇದನ್ನು ಅಂದಾಜೆಂದು ಕೀಳುಗಳೆಯುವುದು ತಪ್ಪು. ಭಾರ ಹೆಚ್ಚಿದಂತೆ ಒತ್ತಡ ಹೆಚ್ಚಿಸಬೇಕೆಂಬ ತತ್ವವನ್ನೇ ಆ ಬೆರಳು ಪಾಲಿಸುತ್ತಿತ್ತು. ಗಾಳಿ ಕಡಿಮೆಯಾದರೆ ಟ್ಯೂಬು ಕಲ್ಲಿಗೂ ರಿಮ್ಮಿನ ಅಂಚಿಗೂ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಕಡೂರು ಬಯಲಿನ ಜಾಲಿ ಮುಳ್ಳಿಗೆ ಮಾತ್ರ ಯಾವ ಒತ್ತಡವೂ ಮದ್ದಲ್ಲ. ಅಜ್ಜಂಪುರದ ಎರೆ ಮಣ್ಣು ಮಳೆಗೆ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡರೆ ಸೈಕಲ್ಲನ್ನು ಹೆಗಲಿಗೇರಿಸುವುದೇ ದಾರಿ.

ಗೇರ್ ಸೈಕಲ್ಲು ಬಂದಮೇಲೆ ರಿಮ್ಮು, ಟಯರಿನ ಆ ಗಂಟು ಸಡಿಲಾಯಿತು. ಅದರ 700ಸಿ ಗಾಲಿಯನ್ನೂ 28 ಇಂಚೆಂದೇ ಕರೆಯುತ್ತಾರೆ, ಆದರೆ ವ್ಯಾಸ 622. ಹದಿಮೂರು ಮಿ.ಮೀ. ವ್ಯತ್ಯಾಸಕ್ಕೆ ಹಳೆಯ ಟಯರು ಹೊಸ ರಿಮ್ಮಿನ ಮೇಲೆ ಸಡಿಲವಾಗುತ್ತದೆ, ಹೊಸ ಟಯರು ಹಳೆಯದಕ್ಕೆ ಹತ್ತುವುದೇ ಇಲ್ಲ. ಟಯರಿನ ಪಕ್ಕದಲ್ಲಿ ಅಚ್ಚಾದ 40-635 ಅಥವಾ 37-622 ಎಂಬ ಐ.ಎಸ್.ಒ. 5775 ಗುರುತನ್ನು ಓದಿ ಕೊಂಡರೆ ಈ ಪೇಚಿಲ್ಲ. ಒತ್ತಡದಲ್ಲೂ ಎಚ್ಚರ ಬೇಕು: ಒಂದೇ ಒತ್ತಡದಲ್ಲಿ ಅಗಲ ಟಯರು ರಿಮ್ಮಿನ ಅಂಚನ್ನು ಕಿರಿದಾದ ಟಯರಿಗಿಂತ ಹೆಚ್ಚು ಜೋರಾಗಿ ಹೊರಕ್ಕೆ ಎಳೆಯುತ್ತದೆ. ಹಲವು ಗೇರ್ ಸೈಕಲ್ಲುಗಳ ವಾಲ್ವು ಬೈಕಿನದೇ ಆದ್ದರಿಂದ ಹುಡುಗರು ಪೆಟ್ರೋಲ್ ಬಂಕಿನಲ್ಲೇ ಗಾಳಿ ಹಿಡಿಸುತ್ತಾರೆ; ಟ್ಯೂಬು ಸಣ್ಣದು, ಕ್ಷಣ ಹೆಚ್ಚಾದರೂ ಸಿಡಿಯುತ್ತದೆ.